ಬಿಸಿಲೂರಿನ ಕಚೇರಿ, ಮುಚ್ಚಬಲ್ಲ ಬಾಗಿಲು

(ಕಲಬುರಗಿಯಲ್ಲಿ ಸಣ್ಣ ಉದ್ದಿಮೆಗಳನ್ನು ನಡೆಸುವವರು ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ, ಕಚೇರಿಯಲ್ಲೂ ಮನೆಯಲ್ಲೂ ಕೆಲಸದ ಜಾಗ ಹೇಗಿರಬೇಕು ಎಂಬ ಬಗ್ಗೆ ವಾಸ್ತುಶಿಲ್ಪಿಯಾಗಿ ನಾನು ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಬಿಗಿ ಮಾಡಿದ್ದೇನೆ. ಕೊನೆಯಲ್ಲಿ ಸಭಿಕರ ಒಂದು ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ಶರಣು.

ನಮ್ಮ ಭಾಗದಲ್ಲಿ ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳ ಸಮಯ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ತೆರೆದ ಕಚೇರಿ ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಿಗೆ, ಜೊತೆಗೆ ವಿಜಯಪುರ, ಬಾಗಲಕೋಟೆಗಳಿಗೆ ಏಪ್ರಿಲ್ ಮತ್ತು ಮೇ ತಿಂಗಳ ಮಟ್ಟಿಗೆ ಸರ್ಕಾರ ಈ ಆದೇಶ ಹೊರಡಿಸುತ್ತದೆ. ನನ್ನ ತಂದೆ ಸರ್ಕಾರಿ ನೌಕರರಾಗಿದ್ದರು. ಆ ಎರಡು ತಿಂಗಳು ಊಟಕ್ಕೆ ಮನೆಗೇ ಬರುತ್ತಿದ್ದರು. ಫರಸಿ ನೆಲಕ್ಕೆ ನೀರು ಚಿಮುಕಿಸಿ ಒರೆಸಿ, ಚಾಪೆಯನ್ನೂ ಹಾಸದೆ ಮಲಗುತ್ತಿದ್ದರು. ಬಿಸಿಲು ಇಳಿದ ಮೇಲೆ ಎದ್ದು ಮುಖ ತೊಳೆದು, ಪಡಸಾಲೆಯಲ್ಲಿ ಕುಳಿತು ಮರುದಿನದ ಪತ್ರಗಳ ಕರಡು ಬರೆಯುತ್ತಿದ್ದರು. ಬೆಳಿಗ್ಗೆ ಕಚೇರಿಯಲ್ಲಿ ಜನರನ್ನು ನೋಡುವುದು, ಸಂಜೆ ಮನೆಯಲ್ಲಿ ಒಬ್ಬರೇ ಕುಳಿತು ಬರೆಯುವುದು. ಇಂದು ಹೈಬ್ರಿಡ್ ಕೆಲಸ ಎಂಬ ಹೆಸರಿನಲ್ಲಿ ನಾವು ಮಾತನಾಡುತ್ತಿರುವ ವ್ಯವಸ್ಥೆಯನ್ನು ನಾನು ಮೊದಲು ಕಂಡದ್ದು ಆ ಪಡಸಾಲೆಯಲ್ಲಿ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಹೊಂದಿಕೊಳ್ಳುವ ಕಚೇರಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡ, ಬಣ್ಣಬಣ್ಣದ ಸೋಫಾ, ಕಾಫಿ ಯಂತ್ರ. ಆ ಚಿತ್ರವನ್ನು ಬದಿಗಿಟ್ಟು, ಇಲ್ಲಿಯ ಬಿಸಿಲು ಮತ್ತು ಇಲ್ಲಿಯ ಮನೆಗಳಿಂದ ಲೆಕ್ಕ ಶುರು ಮಾಡೋಣ ಎಂಬುದು ನನ್ನ ಕೋರಿಕೆ.

ಆ ಚಿತ್ರಕ್ಕೆ ನಾನೂ ಒಮ್ಮೆ ಮನಸೋತಿದ್ದೆ. ಬೆಂಗಳೂರಿನಿಂದ ಮರಳಿ ಬಂದು ಇಲ್ಲಿ ವೃತ್ತಿ ಆರಂಭಿಸಿದಾಗ ಸಿಕ್ಕ ಮೊದಲ ದೊಡ್ಡ ಕೆಲಸ ಒಂದು ಕಚೇರಿಯದು. ನಿವೇಶನದ ರಸ್ತೆ ಪಶ್ಚಿಮಕ್ಕಿತ್ತು. ಮಾಲೀಕರು ಮೊಬೈಲಿನಲ್ಲಿ ಟೆಕ್ ಪಾರ್ಕಿನ ಚಿತ್ರ ತೋರಿಸಿ, ಮುಂಭಾಗವೆಲ್ಲ ಗಾಜು ಬರಲಿ ಎಂದರು. ನಾನು ಒಪ್ಪಿದೆ. ಒಪ್ಪಬಾರದಿತ್ತು. ಒಳಗೆ ಗೋಡೆಗಳಿಲ್ಲದ ಒಂದೇ ಹಜಾರ, ಯಾರು ಎಲ್ಲಿ ಬೇಕಾದರೂ ಕೂಡಬಹುದು ಎಂಬ ವ್ಯವಸ್ಥೆ. ಮಾರ್ಚ್ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಎರಡರ ನಂತರ ಅರ್ಧ ಹಜಾರ ಖಾಲಿಯಾಗುತ್ತಿತ್ತು. ಗಾಜಿನ ಬದಿಯ ಮೇಜುಗಳನ್ನು ಬಿಟ್ಟು ಎಲ್ಲರೂ ಪೂರ್ವದ ಗೋಡೆಗೆ ಒತ್ತಿಕೊಂಡು ಕೂಡುತ್ತಿದ್ದರು. ಎಸಿಗಳು ಎಷ್ಟು ದುಡಿದರೂ ಗಾಜಿನಿಂದ ಬರುವ ಕಾವನ್ನು ಗೆಲ್ಲಲಿಲ್ಲ. ಎಲ್ಲಿ ಬೇಕಾದರೂ ಕೂಡುವ ಸ್ವಾತಂತ್ರ್ಯವನ್ನು ಕಾಗದದ ಮೇಲೆ ಬರೆದುಕೊಟ್ಟಿದ್ದೆ, ಸೂರ್ಯ ಅದನ್ನು ಅರ್ಧಕ್ಕೆ ಇಳಿಸಿದ್ದ. ಆ ಸಿಬ್ಬಂದಿ ಪಟ್ಟ ಪಾಡು ಇಂದಿಗೂ ನನ್ನನ್ನು ಕಾಡುತ್ತದೆ. ಎರಡು ವರ್ಷಗಳ ನಂತರ ಆ ಗಾಜಿನ ಹೊರಗೆ ಮೂರಡಿ ದೂರದಲ್ಲಿ ನಡುನಡುವೆ ಕಿಂಡಿ ಬಿಟ್ಟ ಇಟ್ಟಿಗೆಯ ಜಾಲಿ ಗೋಡೆ ಕಟ್ಟಿಸಿದೆವು. ಆಮೇಲಷ್ಟೇ ಆ ಮೇಜುಗಳಿಗೆ ಜನ ಮರಳಿದರು.

ಕಲಬುರಗಿ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ನಡುಹಗಲಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಎಲ್ಲಕ್ಕಿಂತ ಹೆಚ್ಚು ಕಾಯುವುದು ಮಾಳಿಗೆ, ಆಮೇಲೆ ಪಶ್ಚಿಮದ ಗೋಡೆ. ಆದ್ದರಿಂದ ಹಣ ಕಡಿಮೆ ಇದ್ದರೆ ಮೊದಲ ರೂಪಾಯಿ ಮಾಳಿಗೆಗೆ ಹೋಗಬೇಕು. ಸುಣ್ಣ ಬಳಿಯಿರಿ, ಇಲ್ಲವೇ ನೆರಳಿನ ಚಪ್ಪರ ಹಾಕಿಸಿರಿ. ಮೇಜು ಕುರ್ಚಿಗಳ ಮಾತು ಆಮೇಲೆ.

ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಯನ್ನು ನೀವೆಲ್ಲ ನೋಡಿದ್ದೀರಿ. 1367ರಲ್ಲಿ, ಬಹಮನಿಯರ ಕಾಲದಲ್ಲಿ ಕಟ್ಟಿದ್ದು. ಸಾಮಾನ್ಯವಾಗಿ ದೊಡ್ಡ ಮಸೀದಿಗಳಿಗೆ ನಡುವೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅದಿಲ್ಲ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಇಡೀ ಜಾಗಕ್ಕೆ ಗುಮ್ಮಟಗಳ ಮಾಡು. ಬೆಳಕೂ ಗಾಳಿಯೂ ಬದಿಯ ಕಮಾನುಗಳಿಂದ ಒಳಗೆ ಬರುತ್ತವೆ. ಕಟ್ಟಿದವರು ಹೀಗೇಕೆ ಯೋಚಿಸಿದರು ಎಂಬುದನ್ನು ಇತಿಹಾಸಕಾರರು ಹೇಳಲಿ. ಮೇ ತಿಂಗಳ ಮಧ್ಯಾಹ್ನ ಒಳಗೆ ಕಾಲಿಟ್ಟಾಗ ಅಂಗಾಲಿಗೆ ಸಿಗುವ ತಂಪಿನಿಂದ ವಾಸ್ತುಶಿಲ್ಪಿಯಾಗಿ ನಾನು ಕಲಿತದ್ದು ಬಹಳ. ಬದಿಯ ಸಾಲುಗಳಲ್ಲಿ ಗಿಡ್ಡ ಕಂಬಗಳ ಮೇಲೆ ಅಗಲವಾದ ಕಮಾನುಗಳು ನಿಂತಿವೆ, ನಡುವೆ ಗೋಡೆಯಿಲ್ಲ. ಹತ್ತು ಜನ ಕುಳಿತರೂ ಬಿಕೋ ಎನ್ನುವುದಿಲ್ಲ. ಒಂದೊಂದು ಕಮಾನಿನ ಕೆಳಗೂ ಒಂದೊಂದು ಕೋಣೆಯಂಥ ಭಾವ ಹುಟ್ಟುತ್ತದೆ, ಆದರೂ ಇಡೀ ಜಾಗ ಒಂದೇ. ಹೊಂದಿಕೊಳ್ಳುವ ಜಾಗ ಎಂದರೆ ಏನೆಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು ಅವರನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಇನ್ನು ತೆರೆದ ಹಜಾರದ ಮಾತು. ಗೋಡೆಗಳನ್ನು ತೆಗೆದರೆ ಜನ ಹೆಚ್ಚು ಮಾತನಾಡುತ್ತಾರೆ, ಕೂಡಿ ಕೆಲಸ ಮಾಡುತ್ತಾರೆ ಎಂಬ ನಂಬಿಕೆ 1950ರ ದಶಕದ ಕೊನೆಯ ಜರ್ಮನಿಯಿಂದ ಹಬ್ಬಿತು. ಅಮೆರಿಕದಲ್ಲಿ ರಾಬರ್ಟ್ ಪ್ರಾಪ್ಸ್ಟ್ ಎಂಬ ವಿನ್ಯಾಸಕಾರರು ಹರ್ಮನ್ ಮಿಲ್ಲರ್ ಕಂಪನಿಗಾಗಿ 1960ರ ದಶಕದಲ್ಲಿ, ಜಾಗ ಬದಲಿಸಬಹುದಾದ ಅಡ್ಡಗೋಡೆಗಳು ಮತ್ತು ಬೇರೆ ಬೇರೆ ಎತ್ತರದ ಮೇಜುಗಳಿರುವ ವ್ಯವಸ್ಥೆ ರೂಪಿಸಿದರು. ಕೆಲಸಗಾರನಿಗೆ ತನ್ನ ಜಾಗವನ್ನು ತಾನೇ ಹೊಂದಿಸಿಕೊಳ್ಳುವ ಅಧಿಕಾರ ಸಿಗಲಿ ಎಂಬುದು ಅವರ ಆಸೆಯಾಗಿತ್ತು. ಕಂಪನಿಗಳು ಕೊಂಡುಕೊಂಡವು, ಆದರೆ ಅಡ್ಡಗೋಡೆಗಳನ್ನು ಒತ್ತೊತ್ತಾಗಿ ಜೋಡಿಸಿ ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನು ಕೂರಿಸಿದವು. ಹಾಗೆ ಹುಟ್ಟಿದ್ದು ಕ್ಯೂಬಿಕಲ್. ಅದನ್ನು ಕಂಡು ಪ್ರಾಪ್ಸ್ಟ್ ಅವರೇ ನೊಂದು ಕಟುವಾಗಿ ಮಾತನಾಡಿದರು. 2018ರಲ್ಲಿ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ ಪ್ರಕಟಿಸಿದ ಅಧ್ಯಯನ ಎರಡು ದೊಡ್ಡ ಕಂಪನಿಗಳನ್ನು ಗಮನಿಸಿತು. ತೆರೆದ ಹಜಾರಕ್ಕೆ ಹೋದ ಮೇಲೆ ಮುಖಾಮುಖಿ ಮಾತು ಸುಮಾರು 70 ಶೇಕಡಾ ಕಡಿಮೆಯಾಗಿತ್ತು, ಇಮೇಲ್ ಮತ್ತು ಸಂದೇಶಗಳು ಹೆಚ್ಚಾಗಿದ್ದವು. ಎಲ್ಲರ ಕಣ್ಣೂ ತನ್ನ ಮೇಲಿದೆ ಎನಿಸಿದಾಗ ಮನುಷ್ಯ ತನ್ನೊಳಗೇ ಒಂದು ಗೋಡೆ ಕಟ್ಟಿಕೊಳ್ಳುತ್ತಾನೆ. ಕಿವಿಗೆ ಹೆಡ್‌ಫೋನ್ ಏರುತ್ತದೆ.

ಬೀದರಿನ ಬಿದರಿ ಕುಶಲಕರ್ಮಿಗಳ ಕೆಲಸದ ಜಾಗವನ್ನು ಗಮನಿಸಿ. ಸತು ಮತ್ತು ತಾಮ್ರದ ಮಿಶ್ರಣವನ್ನು ಎರಕ ಹೊಯ್ಯುವಲ್ಲಿ ಒಲೆಯ ಕಾವು. ಉಜ್ಜಿ ನಯ ಮಾಡುವಲ್ಲಿ ಸದ್ದು, ದೂಳು. ಹೂಬಳ್ಳಿ ಕೆತ್ತಿ ಬೆಳ್ಳಿಯ ಎಳೆ ಕೂರಿಸುವವರಿಗೆ ಬೇಕಾದದ್ದು ಒಳ್ಳೆಯ ಬೆಳಕು ಮತ್ತು ಅಲುಗದ ಕೈ. ಕೊನೆಗೆ ಕೋಟೆಯ ಮಣ್ಣಿನ ದ್ರಾವಣದಲ್ಲಿ ಕಪ್ಪೇರಿಸುವ ಕೆಲಸ. ಹೂಜಿ ಒಂದೇ, ಆದರೆ ಹಂತ ಹಂತಕ್ಕೆ ಅದು ಜಾಗ ಬದಲಿಸುತ್ತದೆ. ಕಚೇರಿಯ ಕೆಲಸವೂ ಹೀಗೆಯೇ. ಲೆಕ್ಕ ತಾಳೆ ನೋಡುವವನ ಪಕ್ಕದಲ್ಲಿ ಗ್ರಾಹಕರೊಡನೆ ಫೋನಿನಲ್ಲಿ ಮಾತನಾಡುವವರನ್ನು ಕೂರಿಸುವುದು, ಬೆಳ್ಳಿ ಎಳೆ ಕೂರಿಸುವವರ ಪಕ್ಕದಲ್ಲಿ ಒಲೆ ಹಚ್ಚಿದ ಹಾಗೆ.

ನಾನು ಈಗ ರೂಪಿಸುವ ಕಚೇರಿಗಳಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಒಟ್ಟು ಜಾಗ ಎಷ್ಟೇ ಸಣ್ಣದಿರಲಿ, ಬಾಗಿಲು ಹಾಕಿಕೊಂಡು ಒಬ್ಬರೇ ಕೂಡಬಹುದಾದ ಕೋಣೆ ಒಂದಾದರೂ ಇರಬೇಕು, ಮತ್ತು ಅದು ಮಾಲೀಕರ ಕೋಣೆಯಾಗಿರಬಾರದು. ಆರಡಿ ಅಗಲ, ಆರಡಿ ಉದ್ದ ಸಾಕು. ಹಾಗೆಯೇ ಊಟದ ಜಾಗದಲ್ಲಿ ಕಂಜೂಸುತನ ಬೇಡ. ನಮ್ಮವರು ಒಬ್ಬೊಬ್ಬರೇ ಉಣ್ಣುವವರಲ್ಲ. ಜೋಳದ ರೊಟ್ಟಿಯ ಗಂಟು ಬಿಚ್ಚಿದರೆ ಶೇಂಗಾ ಹಿಂಡಿ ಒಬ್ಬರಿಂದ, ಪಲ್ಯ ಇನ್ನೊಬ್ಬರಿಂದ ಬರುತ್ತದೆ. ವಾರವಿಡೀ ಮೀಟಿಂಗಿನಲ್ಲಿ ಬಗೆಹರಿಯದ ಎಷ್ಟೋ ಮಾತು ಆ ಸುತ್ತಿನಲ್ಲಿ ಬಗೆಹರಿದದ್ದನ್ನು ಕಂಡಿದ್ದೇನೆ.

ಮೇಜು ಹಂಚಿಕೊಳ್ಳುವ ಲೆಕ್ಕ ಹೇಳಿಬಿಡುತ್ತೇನೆ. ನಲವತ್ತು ಜನರ ಕಂಪನಿ, ಐದು ದಿನದ ವಾರ, ಒಬ್ಬೊಬ್ಬರೂ ಮೂರು ದಿನ ಬರುತ್ತಾರೆ ಎನ್ನಿ. ಸರಾಸರಿ ದಿನಕ್ಕೆ 24 ಜನ. ಹಾಗೆಂದು 24 ಮೇಜು ಹಾಕಿದರೆ ಮಂಗಳವಾರ, ಬುಧವಾರ ಜನ ನಿಂತಿರಬೇಕಾಗುತ್ತದೆ. ಏಕೆಂದರೆ ಸೋಮವಾರ, ಶುಕ್ರವಾರಗಳನ್ನು ಬಿಟ್ಟು ನಡುವಾರದಲ್ಲಿ ಬರುವವರೇ ಹೆಚ್ಚು. ಮೂವತ್ತು ಇರಲಿ. ಜೊತೆಗೆ ಪ್ರತಿಯೊಬ್ಬರಿಗೂ ಬೀಗವಿರುವ ಒಂದು ಸಣ್ಣ ಕಪಾಟು ಕಡ್ಡಾಯ. ಮೇಜು ನನ್ನದಲ್ಲ ಎಂಬುದನ್ನು ಜನ ಸಹಿಸಿಕೊಳ್ಳುತ್ತಾರೆ. ನೀರಿನ ಬಾಟಲಿ, ಮಗಳ ಫೋಟೊ ಇಡಲೂ ಒಂದು ಗೇಣು ಜಾಗವಿಲ್ಲ ಎಂಬುದನ್ನು ಸಹಿಸುವುದಿಲ್ಲ, ಸಹಿಸಲೂಬಾರದು.

ಈಗ ಮನೆಗೆ ಬರೋಣ. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದುಕೊಂಡಿರುವುದು ಇಲ್ಲಿಯೇ.

ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ. ಆ ವಸಂತದಲ್ಲಿ ಬೆಂಗಳೂರು, ಹೈದರಾಬಾದ್, ಪುಣೆಗಳಿಂದ ನಮ್ಮ ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು. ಹಲವರು ತಿರುಗಿ ಹೋದರು, ಕೆಲವರು ಇಲ್ಲೇ ಉಳಿದರು. ಉಳಿದವರಲ್ಲಿ ಆಳಂದ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ಪುಣೆಯ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಒಂದು ದಿನ ಫೋನ್ ಮಾಡಿ, ‘ಅಕ್ಕಾ, ನನಗೊಂದು ಟೇಬಲ್ಲಿನ ಅಳತೆ ಹೇಳುತ್ತೀರಾ?’ ಎಂದಳು. ಅಳತೆ ಹೇಳುವ ಬದಲು ನಾನು ಅವಳ ಮನೆಗೇ ಹೋದೆ.

ಮೂರು ಕೋಣೆಯ ಹಳೆಯ ಮಾಳಿಗೆ ಮನೆ. ಪಡಸಾಲೆಯಲ್ಲಿ ಟಿವಿ, ಅತ್ತೆಯನ್ನು ಮಾತನಾಡಿಸಲು ಬರುವ ನೆರೆಹೊರೆಯವರು, ಕಿಟಕಿಗೆ ಸಿಕ್ಕಿಸಿದ ಕೂಲರ್. ನಮ್ಮ ಒಣ ಬೇಸಿಗೆಗೆ ಕೂಲರ್ ಒಳ್ಳೆಯದೇ, ಆದರೆ ಅದರ ಮೊರೆತದ ನಡುವೆ ಫೋನಿನಲ್ಲಿ ಮಾತನಾಡಲಾಗದು. ಆರಿಸಿದರೆ ಮೈಯೆಲ್ಲ ಬೆವರು. ಮೀಟಿಂಗ್ ಇದ್ದಾಗ ಅವಳು ಹೋಗಿ ಕೂಡುತ್ತಿದ್ದುದು ಕಾಳಿನ ಕೋಣೆಯಲ್ಲಿ, ತೊಗರಿ ಚೀಲಗಳ ನಡುವೆ. ಇಲ್ಲೇಕೆ ಎಂದು ಕೇಳಿದೆ. ‘ಈ ಕೋಣೆಗೆ ಮಾತ್ರ ಒಳಗಿನಿಂದ ಚಿಲಕವಿದೆ ಅಕ್ಕಾ’ ಎಂದಳು.

ನಾನು ಆ ಕೋಣೆಯಲ್ಲಿ ಕುಳಿತು ನೋಡಿದೆ. ಕಾಳಿನ ಚೀಲಗಳು ಸದ್ದನ್ನು ಹೀರಿಕೊಳ್ಳುತ್ತವೆ, ದನಿ ಗೋಡೆಗೆ ಬಡಿದು ತಿರುಗಿ ಬರುವುದಿಲ್ಲ. ದುಬಾರಿ ಬೆಲೆಯ ಧ್ವನಿಫಲಕ ಹಾಕಿದ ಕೋಣೆಯಂತೆ ಅದು ನಿಶ್ಶಬ್ದವಾಗಿತ್ತು. ಕೊರತೆಯಿದ್ದದ್ದು ಗಾಳಿ ಮತ್ತು ಬೆಳಕಿನದು. ಮಾಳಿಗೆಯ ಬೆಳಕಿಂಡಿಯನ್ನು ಎಂದೋ ತಗಡು ಹೊಚ್ಚಿ ಮುಚ್ಚಿದ್ದರು, ಅದನ್ನು ತೆಗೆಸಿ ಗಾಜು ಕೂರಿಸಿದೆವು. ಓದು ಬರಹದ ಮೇಜಿನ ಮೇಲೆ 500 ಲಕ್ಸ್ ಬೆಳಕಿರಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಮಾನದಂಡ, ಒಂದು ಎಲ್‌ಇಡಿ ದೀಪ ಸೇರಿಸಿದ ಮೇಲೆ ಅಷ್ಟಾಯಿತು. ಕೂಲರ್ ಪಡಸಾಲೆಯಲ್ಲೇ ಇರಲಿ, ಆದರೆ ತಂಪು ಗಾಳಿ ಬಾಗಿಲ ಮೇಲಿನ ಜಾಲರಿಯಿಂದ ಒಳಬಂದು, ಎದುರು ಗೋಡೆಯ ಎತ್ತರದಲ್ಲಿ ಕೊರೆದ ಕಿಂಡಿಯಿಂದ ಹೊರಹೋಗಲಿ ಎಂದು ದಾರಿ ಮಾಡಿದೆವು. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಕೂಲರಿನ ಗಾಳಿ ಬರೀ ಜಿಗುಟಾಗುತ್ತದೆ. ಮೇಜಿನ ಎತ್ತರ 72 ಸೆಂಟಿಮೀಟರ್. ಲ್ಯಾಪ್‌ಟಾಪಿನ ಪರದೆ ಕಣ್ಣಿನ ಮಟ್ಟಕ್ಕೆ ಬರಲು ಕೆಳಗೊಂದು ಮರದ ಮಣೆ, ಬೇರೆಯದೇ ಕೀಬೋರ್ಡ್. ಶಹಾಬಾದ್ ಕಲ್ಲಿನ ನೆಲ ಮೊದಲೇ ಇತ್ತು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ‘ಮನೆಯಲ್ಲೇ ಇದ್ದಾಳಲ್ಲ’ ಎಂಬ ಮಾತು. ಮನೆಯಲ್ಲೇ ಇದ್ದಾಳಲ್ಲ, ಹಾಲು ಇಳಿಸಬಹುದಲ್ಲ, ಬಂದವರಿಗೆ ಚಹ ಕೊಡಬಹುದಲ್ಲ. ಗಂಡು ಮಕ್ಕಳು ಮನೆಯಿಂದ ಕೆಲಸ ಮಾಡುವಾಗ ಯಾರೂ ಈ ಮಾತು ಆಡುವುದಿಲ್ಲ. ಅದನ್ನು ನಿಲ್ಲಿಸಿದ್ದು ಅವಳ ಅತ್ತೆಯೇ. ನಾನು ಎರಡನೆಯ ಸಲ ಹೋದಾಗ, ಹೊಸಿಲಲ್ಲಿ ನಿಂತ ನೆರೆಮನೆಯವರಿಗೆ ಆ ಹಿರಿಯಾಕೆ, ‘ಆ ಬಾಗಿಲು ಹಾಕಿದ್ದರೆ ಸೊಸೆ ಆಫೀಸಿಗೆ ಹೋಗಿದ್ದಾಳೆಂದು ತಿಳಿಯಿರಿ, ಐದಕ್ಕೆ ಬರುತ್ತಾಳೆ’ ಎನ್ನುತ್ತಿದ್ದರು. ಮನೆಯಿಂದ ಕೆಲಸದ ನೀತಿಸಂಹಿತೆಯನ್ನು ಅಷ್ಟು ಸ್ಪಷ್ಟವಾಗಿ ಬರೆದ ಕಂಪನಿಯನ್ನು ನಾನು ಇನ್ನೂ ಕಂಡಿಲ್ಲ.

ಬಾಗಿಲಿನ ಮಾತನ್ನು ನಾನು ಸುಮ್ಮನೆ ಹಿಡಿದು ಕುಳಿತಿಲ್ಲ. ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯಲ್ಲಿ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಈ ವಿಷಯದಲ್ಲಿ ಬಹಳ ಪ್ರಸಿದ್ಧ. ಕಾಲ್ ಸೆಂಟರ್ ನೌಕರರಲ್ಲಿ 503 ಮಂದಿ ಮನೆಯಿಂದ ಕೆಲಸ ಮಾಡಲು ಮುಂದೆ ಬಂದರು. ಕಂಪನಿಯಲ್ಲಿ ಆರು ತಿಂಗಳ ಅನುಭವ, ಮನೆಯಲ್ಲಿ ಬ್ರಾಡ್‌ಬ್ಯಾಂಡ್, ಕೆಲಸದ ಹೊತ್ತಿನಲ್ಲಿ ತಮ್ಮದೇ ಆದ ಕೋಣೆ ಇರಬೇಕು ಎಂಬ ಷರತ್ತುಗಳನ್ನು ಪೂರೈಸಿದವರು 249. ಒಂಬತ್ತು ತಿಂಗಳಲ್ಲಿ ಮನೆಯಿಂದ ದುಡಿದವರ ಕೆಲಸ 13 ಶೇಕಡಾ ಹೆಚ್ಚಿತು, ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ಆದರೆ ಅಷ್ಟೇ ಚೆನ್ನಾಗಿ ದುಡಿದರೂ ಬಡ್ತಿ ಸಿಕ್ಕಿದ್ದು ಕಡಿಮೆ, ಒಂಟಿತನದ ದೂರೂ ಬಂತು. ಪ್ರಯೋಗ ಮುಗಿದ ಮೇಲೆ ಮನೆಯೋ ಕಚೇರಿಯೋ ನೀವೇ ಆರಿಸಿಕೊಳ್ಳಿ ಎಂದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಜಾಗ ಬದಲಿಸಿದರು. ಆಗ ಕೆಲಸದಲ್ಲಿನ ಹೆಚ್ಚಳ 13ರಿಂದ 22 ಶೇಕಡಾಕ್ಕೆ ಏರಿತು. ಮನೆಯೇ ಮೇಲು, ಕಚೇರಿಯೇ ಮೇಲು ಎಂದು ವಾದಿಸುವವರಿಗೆಲ್ಲ ನಾನು ಈ ಕೊನೆಯ ಅಂಕಿಯನ್ನೇ ತೋರಿಸುತ್ತೇನೆ. ಆಯ್ಕೆಯನ್ನು ನೌಕರನ ಕೈಗೆ ಕೊಟ್ಟದ್ದೇ ಅಲ್ಲಿ ಗಳಿಕೆಯನ್ನು ಹೆಚ್ಚಿಸಿತು. ಅದೇ ಕಂಪನಿಯ 1,612 ನೌಕರರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಕೊಟ್ಟಾಗ ರಾಜೀನಾಮೆಗಳು ಮೂರನೆಯ ಒಂದು ಭಾಗ ಕಡಿಮೆಯಾದವು. ಕೆಲಸದ ಗುಣಮಟ್ಟಕ್ಕೂ ಬಡ್ತಿಗೂ ಧಕ್ಕೆ ಆಗಲಿಲ್ಲ.

ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ತಮ್ಮದೇ ಆದ ಕೋಣೆಯ ಷರತ್ತು ಪೂರೈಸಲಾಗದು. ಕಾಳಿನ ಕೋಣೆಯೂ ಎಲ್ಲರಿಗೂ ಇಲ್ಲ. ಅಮೆರಿಕದ ಗ್ರಾಹಕರಿಗಾಗಿ ರಾತ್ರಿ ಪಾಳಿ ಮಾಡುವವರ ಕಷ್ಟ ಇನ್ನೂ ಹೆಚ್ಚು. ಹಗಲೆಲ್ಲ ಕಾದ ಆರ್‌ಸಿಸಿ ಮಾಳಿಗೆ ಆ ಕಾವನ್ನು ಕೆಳಗೆ ಬಿಡುವುದು ರಾತ್ರಿಯೇ. ಅದಕ್ಕಾಗಿ ಸೇಡಂ, ಆಳಂದ, ಶಹಾಪುರ, ಹುಮನಾಬಾದಿನಂಥ ಊರುಗಳಲ್ಲಿ ಮನೆಯಿಂದ ನಡೆದೋ ಸೈಕಲ್ಲಿನಲ್ಲೋ ತಲುಪಬಹುದಾದ ಹಂಚಿಕೆಯ ಕಚೇರಿಗಳು ಬೇಕೆಂದು ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ. ಇಪ್ಪತ್ತು ಮೇಜು, ಬಾಗಿಲಿರುವ ನಾಲ್ಕು ಸಣ್ಣ ಕೋಣೆ, ಎರಡು ಬೇರೆ ಬೇರೆ ಕಂಪನಿಗಳ ಇಂಟರ್ನೆಟ್ ಸಂಪರ್ಕ, ಕರೆಂಟು ಹೋದರೆ ಇನ್ವರ್ಟರ್, ಹೆಣ್ಣುಮಕ್ಕಳಿಗೆ ಸ್ವಚ್ಛವಾದ ಶೌಚಾಲಯ, ಮಕ್ಕಳು ಆಡಿಕೊಂಡಿರಲು ಒಂದು ಕೋಣೆ. ಹೊಸ ಕಟ್ಟಡವೇ ಬೇಕೆಂದಿಲ್ಲ. ಕಲಬುರಗಿಯ ಸುತ್ತ ಮುಚ್ಚಿ ನಿಂತ ದಾಲ್ ಮಿಲ್ಲುಗಳನ್ನು ನೋಡಿ. ಎತ್ತರದ ಮಾಡು, ನಡುವೆ ಅಡ್ಡಿಯಿಲ್ಲದ ವಿಶಾಲ ಜಾಗ. ಹಳೆಯ ಮಿಲ್ಲಾದರೆ ದಪ್ಪ ಕಲ್ಲಿನ ಗೋಡೆಯೂ ಇರುತ್ತದೆ, ಹಗಲಿನ ಕಾವು ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ತಗಡಿನ ಮಾಡಿನ ಕೆಳಗೆ ಶಾಖನಿರೋಧಕ ಪದರ ಹಾಕಿಸಿದರೆ ಅರ್ಧ ಕೆಲಸ ಮುಗಿಯಿತು.

ಮಾಲೀಕರಿಗೆ ಇನ್ನೊಂದು ಮಾತು. ಬಾಯಿಮಾತಿನ ಅನುಕೂಲಗಳನ್ನು ಕೊಡಬೇಡಿ, ಬರೆದು ಕೊಡಿ. ಎಷ್ಟು ದಿನ ಕಚೇರಿ, ಯಾವ ಹೊತ್ತಿನ ನಂತರ ಫೋನ್ ಮಾಡುವಂತಿಲ್ಲ, ಇಂಟರ್ನೆಟ್ ಮತ್ತು ವಿದ್ಯುತ್ತಿನ ಖರ್ಚು ಯಾರದು, ಕುರ್ಚಿ ಯಾರು ಕೊಡಿಸಬೇಕು. ಕುರ್ಚಿಯನ್ನು ಕಂಪನಿಯೇ ಕೊಡಿಸಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎಂಟು ಗಂಟೆ ಕುಳಿತು ಬೆನ್ನು ಹಾಳುಮಾಡಿಕೊಂಡ ಇಪ್ಪತ್ತೈದರ ಹುಡುಗರನ್ನು ಕಂಡಿದ್ದೇನೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ 26 ವಾರಗಳ ರಜೆ ಕೊಟ್ಟದ್ದು ಎಲ್ಲರಿಗೂ ಗೊತ್ತು. ರಜೆಯ ನಂತರ ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ಮಾಲೀಕರೂ ತಾಯಿಯೂ ಮಾತನಾಡಿಕೊಂಡು ಮನೆಯಿಂದ ಕೆಲಸದ ಒಪ್ಪಂದ ಮಾಡಿಕೊಳ್ಳಬಹುದು ಎಂದೂ ಅದರಲ್ಲಿತ್ತು, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ. ಇದನ್ನು ನಿಮ್ಮ ಸಂಸ್ಥೆಯ ಹೆಣ್ಣುಮಕ್ಕಳಿಗೆ ನೀವಾಗಿಯೇ ತಿಳಿಸಿ. ಅವರು ಕೇಳಲಿ ಎಂದು ಕಾಯಬೇಡಿ.

ಸಭೆಯ ಕೊನೆಯಲ್ಲಿ ಹನ್ನೆರಡು ಜನರ ಲೆಕ್ಕಪತ್ರ ಕಚೇರಿ ನಡೆಸುವ ಹಿರಿಯರೊಬ್ಬರು ಎದ್ದುನಿಂತರು. ‘ಮೇಡಂ, ನೀವು ಹೇಳಿದ್ದೆಲ್ಲ ಒಪ್ಪಿದೆ. ನನ್ನ ಹತ್ತಿರ ಕಟ್ಟಡ ಒಡೆದು ಕಟ್ಟುವ ದುಡ್ಡಿಲ್ಲ. ನಾಳೆ ಬೆಳಿಗ್ಗೆ ಹೋಗಿ ಏನು ಮಾಡಲಿ?’ ಎಂದು ಕೇಳಿದರು.

ನಾಲ್ಕು ಥರ್ಮಾಮೀಟರ್ ಕೊಂಡು ನಾಲ್ಕು ಮೂಲೆಗೆ ತೂಗುಹಾಕಿ ಎಂದೆ. ಒಂದು ವಾರ ಬೆಳಿಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ಎರಡಕ್ಕೆ, ನಾಲ್ಕಕ್ಕೆ ಬರೆದಿಡಿ. ಅದೇ ವಾರ ನಿಮ್ಮ ಹನ್ನೆರಡು ಮಂದಿಗೂ ಒಂದೊಂದು ಹಾಳೆ ಕೊಟ್ಟು, ಯಾವಾಗ ತಮ್ಮ ಜಾಗ ಬಿಟ್ಟು ಏಳಬೇಕಾಯಿತು, ಏಕೆ ಎಂಬುದನ್ನು ಬರೆಯಲು ಹೇಳಿ. ಹೆಸರು ಬರೆಯುವುದು ಬೇಡ.

ಎರಡು ವಾರದ ನಂತರ ಅವರಿಂದ ಫೋನ್ ಬಂತು. ಕಚೇರಿಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಪೂರ್ವದ ಸ್ಟೋರ್ ರೂಮ್, ಅದಕ್ಕೆ ಒಳ್ಳೆಯ ಬಾಗಿಲೂ ಇದೆ, ಆದರೆ ಮೂವತ್ತು ವರ್ಷದ ಹಳೆಯ ಲೆಕ್ಕದ ಪುಸ್ತಕಗಳಿಂದ ತುಂಬಿದೆ ಎಂದರು. ಹನ್ನೆರಡರಲ್ಲಿ ಏಳು ಹಾಳೆಗಳಲ್ಲಿ ಇದ್ದದ್ದು ಒಂದೇ ಕಾರಣ, ಪಶ್ಚಿಮದ ಗೋಡೆಯ ಕಾವು.

‘ಪುಸ್ತಕಗಳನ್ನು ಎಲ್ಲಿಡಲಿ ಮೇಡಂ?’ ಎಂದು ಕೇಳಿದರು.

‘ಪಶ್ಚಿಮದ ಗೋಡೆಯುದ್ದಕ್ಕೂ ಮಾಡಿನವರೆಗೆ ಕಪಾಟು ಹೊಡೆಸಿ, ಅದರಲ್ಲಿ ಇಡಿ’ ಎಂದೆ.